ಹೊತ್ತು ಮುಳುಗುವುದರೊಳಗೆ

ಚಿಕ್ಕೋಡಿ
೧೫ ನವೆಂಬರ್ ೨೦೨೫, ಶನಿವಾರ

ಪ್ರೀತಿಯ ವೃಷಭದಾದಾ,

ನಮ್ಮ ಮುತ್ತಜ್ಜ ಆಡಿಸಿದ್ದು ಕುಸ್ತಿಯಲ್ಲ, ಬೀದಿಯ ಬರಿಗೈ ಹೊಡೆದಾಟ. ಈ ಮಾತನ್ನು ಬಿಟ್ಟೇ ನಿನಗೆ ಬರೆಯುವವಳಿದ್ದೆ. ಮೊದಲು ಬರೆದ ಪತ್ರದಲ್ಲಿ ಅದು ಇರಲೂ ಇಲ್ಲ. ಅಭಿನಂದನೆ ಇತ್ತು, ವೈನಿಯ ಮಂಡಿನೋವಿನ ವಿಚಾರಣೆ ಇತ್ತು, ಕೊನೆಗೆ ಶುಭ ಹಾರೈಕೆ. ಓದಿ ನೋಡಿದರೆ ಬ್ಯಾಂಕಿನವರು ಬರೆದ ಹಾಗಿತ್ತು. ಹರಿದು ಹಾಕಿದೆ. ಉತ್ತರ ಮೂರು ವಾರ ತಡವಾದದ್ದು ಹೀಗೆ, ಕ್ಷಮಿಸು. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀ. ಮಾಡಿದರೆ ನೀನು ಸ್ಪೀಕರ್ ಹಾಕಿ, "ಕೇಳ್ರಿ, ನಮ್ಮ ಪ್ರೊಫೆಸರ್ ಬಾಯಾರು ಏನ್ ಅಂತಾರ" ಎಂದು ಅಂಗಡಿಯಲ್ಲಿ ಕೂತವರಿಗೆಲ್ಲ ಕೇಳಿಸುತ್ತೀ. ಕಾಗದಕ್ಕೆ ಆ ಸೌಕರ್ಯವಿಲ್ಲ.

ವೈನಿಯ ಮಂಡಿ ಹೇಗಿದೆ? ಮೆಟ್ಟಿಲು ಹತ್ತಬೇಡ ಅಂತ ಹೇಳು. ನನ್ನ ಕಾಲೇಜಿನಲ್ಲಿ ಪರೀಕ್ಷೆ ನಡೆದಿದೆ. ದಿನಕ್ಕೆ ನಲವತ್ತು ಉತ್ತರಪತ್ರಿಕೆ ನೋಡುತ್ತೇನೆ, ಎಲ್ಲವೂ ಒಂದೇ ಗೈಡಿನಿಂದ ಇಳಿದವು. ಹುಡುಗರನ್ನು ಬೈಯುವ ಹಕ್ಕು ನನಗಿದೆಯೇ ಎಂದು ಈಚೆಗೆ ಅನುಮಾನ.

ನೀನು ಕಳಿಸಿದ ಬ್ಯಾನರಿನ ಚಿತ್ರ ನೋಡಿದೆ. "ಕುಸ್ತಿಕಲೆಯ ಆಶ್ರಯದಾತ ಶ್ರೀ ಭಾವುಸಾಹೇಬರು." ಅವರ ಕೈಗೆ ಬೆಳ್ಳಿಯ ಗದೆ ಅಂಟಿಸಿದವರು ಯಾರು? ಮೂಲ ಫೋಟೋದಲ್ಲಿ ಆ ಕೈಯಲ್ಲಿದ್ದದ್ದು ಕೊಡೆ. ಗದೆಯ ಕೆಳಗೆ ಕೊಡೆಯ ಮೊನೆ ಇಣುಕುತ್ತಿದೆ, ಅದನ್ನಾದರೂ ಅಳಿಸಿಸು. ಮುತ್ತಜ್ಜ ಜೀವಮಾನದಲ್ಲಿ ಎತ್ತಿದ ಅತಿ ಭಾರದ ವಸ್ತು ಊಟದ ತಾಟು. ಅದನ್ನೂ ಬೇರೆಯವರೇ ತಂದಿಡುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ನಿಪ್ಪಾಣಿಯಲ್ಲಿ ಈಗ ಎಲ್ಲರ ಮುತ್ತಜ್ಜರೂ ಮಹಾಪುರುಷರೇ. ಆದರೆ ಮೂವತ್ತನೇ ತಾರೀಖು ಮುತ್ತಜ್ಜನ ಹೆಸರಿನ ಸಭಾಭವನದ ಉದ್ಘಾಟನೆಗೆ ಸ್ಮರಣ ಸಂಚಿಕೆ ತರುತ್ತೀ, ಅದರಲ್ಲಿ ನಾನು ಒಂಬತ್ತನೇ ಇಯತ್ತೆಯಲ್ಲಿ ಇಂಗ್ಲಿಷಿನಲ್ಲಿ ಬರೆದ ಪ್ರಬಂಧವನ್ನು ಕನ್ನಡ ಮಾಡಿಸಿ ನನ್ನ ಹೆಸರಲ್ಲೇ ಹಾಕುತ್ತೀ. ಮೇಲಾಗಿ ವೇದಿಕೆಗೆ ಐಗಳಿಯಿಂದ ಮಾಳೇಶನನ್ನು ಕರೆಸಿ, "ಪೈಲವಾನ ಭರಮು ಅವರ ಮೊಮ್ಮಗ" ಎಂದು ಪೇಟಾ ಸುತ್ತುತ್ತೀ. ಭೀಮಾಬಾಯಿಯ ಮಗ ಮಾಳೇಶ. ನಮ್ಮ ಮನೆಯಲ್ಲಿ ಐವತ್ತು ವರ್ಷ ಮುಸುರೆ ತಿಕ್ಕಿದ ಭೀಮಾಬಾಯಿ. ನಿನಗೆ ಅವಳು ನೆನಪಿರುವುದು ರೊಟ್ಟಿಯ ರುಚಿಗೆ. ನನಗೆ ಅವಳು ಹೇಳಿದ ಕತೆ ನೆನಪಿದೆ.

ತಂಬಾಕಿನ ಧಾರಣೆ ಬಿದ್ದು ಜಗತ್ತೆಲ್ಲ ಮುಗ್ಗಟ್ಟಿನಲ್ಲಿದ್ದ ವರ್ಷಗಳವು, ಸಾವಿರದ ಒಂಬೈನೂರ ಮೂವತ್ತೊಂದು, ಮೂವತ್ತೆರಡು. ನಮ್ಮ ಗೋದಾಮಿನಲ್ಲಿ ಕೊಳ್ಳುವವರಿಲ್ಲದ ತಂಬಾಕು, ಹೊರಗೆ ಬೀದಿಯಲ್ಲಿ ಕೆಲಸವಿಲ್ಲದ ಹಮಾಲರು. ವ್ಯಾಪಾರಿಗಳಿಗೆ ಹೊತ್ತು ಹೋಗುತ್ತಿರಲಿಲ್ಲ. ಯಾರದೋ ತಲೆಗೆ ಹೊಳೆಯಿತು, ಹಸಿದ ಇಬ್ಬರನ್ನು ಎದುರುಬದುರು ನಿಲ್ಲಿಸುವುದು. ಕೆಂಪು ಮಣ್ಣಿನ ಅಖಾಡ ಇಲ್ಲ, ಉಸ್ತಾದ ಇಲ್ಲ, ಲಂಗೋಟಿ ಕೂಡ ಇಲ್ಲ. ಕಲ್ಲು ಹಾಸಿದ ಬೀದಿ, ಬರಿ ಮುಷ್ಟಿ. ನೆಲಕ್ಕೆ ಕೂತವನು ಸೋತ. ನಿಂತವನಿಗೆ ಅರ್ಧ ಚೀಲ ಜೋಳ.

ಇನ್ನೊಂದು ನಿಯಮ ಮುತ್ತಜ್ಜನ ಸ್ವಂತದ್ದು. ಹೊತ್ತು ಮುಳುಗಿದ ಮೇಲೆ ಅವರು ಹನಿ ನೀರೂ ಮುಟ್ಟುತ್ತಿರಲಿಲ್ಲ. ಕತ್ತಲಲ್ಲಿ ಉಂಡರೆ ಕಾಣದ ಜೀವಿಗಳು ಸಾಯುತ್ತವೆ ಎಂಬ ವ್ರತವನ್ನು ನಮ್ಮ ಮನೆಯಲ್ಲಿ ಎಲ್ಲರೂ ಪಾಲಿಸಿದವರೇ, ನಾನೂ ಪಾಲಿಸುತ್ತೇನೆ. ಆದ್ದರಿಂದ ಬಿಸಿಲು ಗೋದಾಮಿನ ಹಂಚು ಬಿಡುವುದರೊಳಗೆ ಆಟ ಮುಗಿಯಬೇಕು. ಮುಗಿಯದಿದ್ದರೆ ಜೋಳ ವಾಪಸು ಒಳಗೆ.

ಐಗಳಿಯ ಭರಮು ಕುರಿ ಕಾಯುವವನು. ಕುರಿಗೆ, ಉಣ್ಣೆಗೆ ಬೆಲೆ ಇಲ್ಲದೆ ಹಮಾಲಿಗೆ ಬಂದಿದ್ದ. ಎದುರಿಗೆ ಗಂಗಾರಾಮ, ಅವನೂ ಹಮಾಲನೇ, ಹಿಂದಿನ ದಿನ ಇಬ್ಬರೂ ಒಂದೇ ರೊಟ್ಟಿ ಹರಿದು ತಿಂದಿದ್ದರಂತೆ. ಹೊಡೆದು ಹೊಡೆದು ಸೋತು ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ನಿಂತುಬಿಟ್ಟರು. ಗಂಗಾರಾಮ ಕಿವಿಯಲ್ಲಿ ಅಂದ, "ಕುಂಡ್ರ ಲೇ ಭರಮ್ಯಾ, ಅರ್ಧಾ ನಿನಗ ಕೊಡ್ತೀನಿ."

ಭರಮು ಮೊಣಕಾಲು ಮಡಚಿದ. ಕಟ್ಟೆಯ ಮೇಲಿನಿಂದ ಮುತ್ತಜ್ಜನ ದನಿ ಬಂತು: "ಏ, ಮಾತಾಡ್ಕೊಂಡು ಕುಂಡ್ರಾಂಗಿಲ್ಲ! ಹಂಗ ಕುಂತ್ರ ಇಬ್ಬರಿಗೂ ಜ್ವಾಳಾ ಇಲ್ಲ. ಲಗೂನ ಮುಗಸ್ರಿ, ನಂದು ಊಟದ ಹೊತ್ತಾತು."

ಗಂಗಾರಾಮ ಹಂಚಿನ ಕಡೆ ನೋಡಿದ. ಬಿಸಿಲು ಒಂದು ಗೇಣು ಉಳಿದಿತ್ತು. ಆಮೇಲೆ ಹೊಡೆದ. ಭರಮುವಿನ ಒಂದು ಕಣ್ಣು ಅಲ್ಲೇ ಹೋಯಿತು, ಇನ್ನೊಂದು ಎರಡು ವರ್ಷದಲ್ಲಿ. ಅವನ ಹೆಂಡತಿ ಎರಡು ವರ್ಷದ ಭೀಮಾಬಾಯಿಯನ್ನು ಸೊಂಟದಲ್ಲಿಟ್ಟುಕೊಂಡು ಅಲ್ಲೇ ನಿಂತಿದ್ದಳು. ಗಂಗಾರಾಮ ಅವಳ ಸೆರಗಿಗೆ ಅರ್ಧ ಜೋಳ ಸುರಿದು, ಮುಖ ಎತ್ತದೆ ಹೋದ. ಮುತ್ತಜ್ಜ ಕೈಕಾಲು ತೊಳೆದು, ಬಟ್ಟೆಯಲ್ಲಿ ಸೋಸಿದ ನೀರು ಕುಡಿದು, ಬೆಳಕಿದ್ದಾಗಲೇ ಉಂಡರು. ವ್ರತ ಕೆಡಲಿಲ್ಲ. ತಾಟು ಬಡಿಸಿದ ಮುತ್ತಜ್ಜಿ ಸೋನಾಬಾಯಿ ಅವತ್ತು ಉಣ್ಣಲಿಲ್ಲ. ಯಾಕೆ ಉಣ್ಣಲಿಲ್ಲ ಎಂದು ಅವರು ಕೇಳಲೂ ಇಲ್ಲ.

ಕುರುಡ ಕುರುಬ ಯಾವ ಕುರಿ ಕಾದಾನು? ಭೀಮಾಬಾಯಿಗೆ ಏಳು ತುಂಬಿದಾಗ ಮುಸುರೆಗೆ ತಂದು ಬಿಟ್ಟರು. ನಿನ್ನ ಸಂಚಿಕೆಯ ಭಾಷೆಯಲ್ಲಿ ಇದಕ್ಕೆ ಆಶ್ರಯ ಎನ್ನುತ್ತಾರೆ.

ಭೀಮಾಬಾಯಿ ಈ ಕತೆ ಹೇಳಿದಾಗಲೇ ನಾನು ನಮ್ಮ ಅಜ್ಜಿಯನ್ನು ಕೇಳಿದ್ದೆ. "ಹಳೇ ಮಾತ ಯಾಕ ಕೆದರ್ತಿ?" ಅಂದಳು. ಸುಳ್ಳು ಅನ್ನಲಿಲ್ಲ.

ಹೋದ ಭಾನುವಾರ ಐಗಳಿಗೆ ಹೋಗಿದ್ದೆ. ಭೀಮಾಬಾಯಿ ತೀರಿಕೊಂಡ ಮೇಲೆ ಹೋದದ್ದೇ ಮೊದಲು. ಮಾಳೇಶನಿಗೆ ಈಗ ಅರವತ್ತರ ಹತ್ತಿರ, ಎಂಬತ್ತು ಕುರಿ ಸಾಕಿದ್ದಾನೆ. ಚಹಾ ಕೊಟ್ಟ, ಕಂಬಳಿ ಹಾಸಿ ಕೂರಿಸಿದ.

"ಅಣ್ಣಾರ ಬಂದಿದ್ರು ರೀ ಅಕ್ಕಾರ. ಪೇಟಾ ಸುತ್ತತಾರಂತ. ನಮ್ಮ ಅಜ್ಜ ಪೈಲವಾನ ಇದ್ನಂತ್ರಿ! ನಮ್ಮವ್ವ ಒಂದ್ ದಿನಾನೂ ಬಾಯಿ ಬಿಟ್ಟಿಲ್ಲ ನೋಡ್ರಿ. ಮೈಮ್ಯಾಲ ಸಿಡುಬು ಎದ್ದು ಕಣ್ಣ ಹೋದೂವು ಅಂತಿದ್ಲು."

ಅವನ ಮೊಮ್ಮಗಳು ಅನುಸೂಯಾ, ಆರನೇ ಇಯತ್ತೆ, ಬಾಗಿಲಲ್ಲಿ ನಿಂತು ಕಣ್ಣರಳಿಸಿ ಕೇಳುತ್ತಿದ್ದಳು. "ಬುಕ್ಕಿನ್ಯಾಗ ಬರ್ತೈತಂತಲ್ರಿ? ನಾ ಸಾಲ್ಯಾಗ ಓದಿ ತೋರಿಸ್ತೀನಿ."

"ಅಕಿ ತಲಿ ತಿಂದು ಹೊಸಾ ಅಂಗಿ ಹೊಲಿಸ್ಯಾಳ್ರಿ ನನಗ," ಎಂದು ಮಾಳೇಶ ನಕ್ಕ. ಆಮೇಲೆ ದನಿ ತಗ್ಗಿಸಿ ಕೇಳಿದ, "ಅಕ್ಕಾರ, ನೀವು ಓದಿದವ್ರು. ಗೆದ್ದಿದ್ನೇನ್ರಿ ನಮ್ಮಜ್ಜ?"

ಏನೋ ಒಂದು ಹೇಳಿ ಎದ್ದು ಬಂದೆ.

ಬಸ್ಸಿನಲ್ಲಿ ನನ್ನನ್ನೇ ಕೇಳಿಕೊಂಡೆ. ಅವನ ಸಂತೋಷ ಕಸಿಯಲು ನಾನು ಯಾರು? ತಾಯಿಯೇ ಮುಚ್ಚಿಟ್ಟದ್ದನ್ನು ತೆಗೆಯುವ ಅಧಿಕಾರ ನನಗೆ ಎಲ್ಲಿಂದ ಬಂತು? ಸತ್ಯ ಹೇಳಬೇಕು ಅನ್ನಿಸುವುದು ಅವನಿಗಾಗಿಯೋ, ನನ್ನ ಭಾರ ಇಳಿಸಿಕೊಳ್ಳುವುದಕ್ಕೋ? ಆದರೆ ಒಂದಂತೂ ಗೊತ್ತು. ಅಜ್ಜನ ಕಣ್ಣು ತೆಗೆಸಿದ ಮನೆಯವರು ಮೊಮ್ಮಗನ ತಲೆಗೆ ಪೇಟಾ ಸುತ್ತಿ, ಅವನ ಕೈಯಿಂದ ನಮಸ್ಕಾರ ಮಾಡಿಸಿಕೊಂಡು, ಫೋಟೋ ಹಿಡಿಸಿಕೊಳ್ಳುವುದು ಅಸಹ್ಯ. ಮುತ್ತಜ್ಜನಿಗಾದರೂ ಊಟದ ಅವಸರವಿತ್ತು. ನಿನಗೆ ಏನು ಅವಸರ, ದಾದಾ? ನಗರಸಭೆಯ ಚುನಾವಣೆಯೇ?

ಪ್ರಬಂಧ ತೆಗೆದುಹಾಕು. ನನ್ನ ಹೆಸರೂ ಬೇಡ. ಬ್ಯಾನರನ್ನು ಇಟ್ಟುಕೋ, ಗದೆಯನ್ನೂ ಇಟ್ಟುಕೋ, ನನಗೇನಿಲ್ಲ. ಮಾಳೇಶನನ್ನು ಮಾತ್ರ ಆ ವೇದಿಕೆಗೆ ಹತ್ತಿಸಬೇಡ.

ವೈನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಿನಗೂ ಒಳ್ಳೆಯದೇ ಆಗಲಿ. ಇಷ್ಟೆಲ್ಲ ಬರೆದ ಮೇಲೂ ಇದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ನಿನ್ನ ತಂಗಿ,
ತೃಪ್ತಿ

ತಾ.ಕ.: ಮೇಲೆ ಎರಡು ಕಡೆ ಜಾರಿಕೊಂಡಿದ್ದೇನೆ.

ಪ್ರಬಂಧಕ್ಕೆ ಮೊದಲ ಬಹುಮಾನ ಬಂದಾಗ ಅಪ್ಪ ಅದನ್ನು ಬಂದವರ ಮುಂದೆಲ್ಲ ನನ್ನಿಂದ ಓದಿಸುತ್ತಿದ್ದರು, ನೆನಪಿದೆಯಾ? ಇಂಗ್ಲಿಷ್ ಬಾರದ ಭೀಮಾಬಾಯಿಗೆ ಅದರಲ್ಲಿ ತಿಳಿದದ್ದು ಒಂದೇ ಶಬ್ದ, ತನ್ನ ಅಪ್ಪನ ಹೆಸರು. ಅಡುಗೆಮನೆಗೆ ಕರೆದು, "ನಮ್ಮಪ್ಪನ ಬಗ್ಗೆ ಏನ್ ಬರದಿ, ತಾಯಿ?" ಎಂದು ಕೇಳಿದಳು. ನಾನು ಬರೆದದ್ದು, ಭರಮು ಎಂಬ ಪೈಲವಾನ ಸೋತು ಮುತ್ತಜ್ಜನ ಕಾಲಿಗೆ ಬಿದ್ದ, ಅವರು ಕರುಣೆಯಿಂದ ಅವನ ಮಗಳಿಗೆ ಅನ್ನ ಹಾಕಿದರು ಎಂದು. ಅಪ್ಪ ಹೇಳಿದ್ದನ್ನೇ ಬರೆದಿದ್ದೆ. ಅವಳ ಮುಖ ನೋಡಿ, "ಗೆದ್ದ ಅಂತ ಬರದೀನಿ" ಅಂದೆ.

"ಗೆದ್ದಿದ್ರ ನಾ ಯಾಕ ನಿಮ್ಮ ಮುಸುರಿ ತಿಕ್ಕೊಂತ ಇರ್ತಿದ್ನಿ?" ಅಂದಳು. ಆಗಲೇ ಮೇಲಿನದೆಲ್ಲ ಹೇಳಿದ್ದು. ಮುಗಿಸಿ, ಕೈ ಒರೆಸಿಕೊಂಡು, "ಇರ್ಲಿ ಬಿಡು. ಇಂಗ್ಲಿಷ್‌ನ್ಯಾಗರ ಗೆಲ್ಲಲಿ" ಅಂದಳು. ಬಹುಮಾನ ಬಂದ ಸ್ಟೀಲಿನ ಡಬ್ಬಿಗೆ ಮರುದಿನ ಮುಂಜಾನೆ ರೊಟ್ಟಿ ತುಂಬಿಕೊಟ್ಟವಳೂ ಅವಳೇ. ಇಂಗ್ಲಿಷಿನಲ್ಲೂ ಅವನು ಗೆದ್ದಿರಲಿಲ್ಲ ಎಂದು ಅವಳು ಸಾಯುವವರೆಗೂ ನಾನು ಹೇಳಲಿಲ್ಲ.

ಹೋದ ಭಾನುವಾರ ಮಾಳೇಶನಿಗೆ ಹೇಳಿದ ಆ "ಏನೋ ಒಂದು" ಅದೇ ಮಾತು. "ಹೌದು ಮಾಳೇಶ, ಗೆದ್ದಿದ್ದ." ನೀನು ಅಚ್ಚು ಹಾಕಿಸಿದರೆ ಅನುಸೂಯಾ ಕನ್ನಡದಲ್ಲಿ ಓದುತ್ತಾಳೆ, ಇಡೀ ತರಗತಿಯ ಮುಂದೆ, ತನ್ನ ಅಜ್ಜನ ಅಜ್ಜ ಕಾಲಿಗೆ ಬಿದ್ದದ್ದನ್ನು.

ಆದ್ದರಿಂದ ಮಾಳೇಶನಿಗೂ ಬೇರೆ ಪತ್ರ ಬರೆದಿದ್ದೇನೆ, ಒಂದೂ ಬಿಡದೆ, ನಾನು ಹೇಳಿದ ಎರಡು ಸುಳ್ಳುಗಳನ್ನೂ ಸೇರಿಸಿ. ಪೇಟಾ ಬೇಕೋ ಬೇಡವೋ ಅವನೇ ಹೇಳಲಿ. ಐಗಳಿಯದನ್ನೂ ನಿನ್ನದನ್ನೂ ಒಟ್ಟಿಗೇ ಅಂಚೆಗೆ ಹಾಕುತ್ತೇನೆ, ನಾಡಿದ್ದು ಸೋಮವಾರ, ೧೭ ನವೆಂಬರ್.