ಅಣ್ಣನ ಚೀಟಿ, ತಮ್ಮನ ಹೊಟ್ಟೆ

ಉಚ್ಚಂಗಿದುರ್ಗ,
ತಾ. ೧೮–೧೨–೨೦೨೪, ಬುಧವಾರ

ಚಿರಂಜೀವಿ ಕೊಟ್ರಸ್ವಾಮಿಗೆ ನಿನ್ನ ದೊಡ್ಡವ್ವನ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ಸಿರುಗುಪ್ಪದ ಕಡೆ ಭತ್ತದ ಕೊಯ್ಲಾಗಿ ಕುರಿಗೆ ಮೇವು ಚೆನ್ನಾಗಿದೆ ಎಂದು ಕೇಳಿದೆ. ಕುರಿಯ ಹೊಟ್ಟೆ ತುಂಬಿದರೆ ಸಾಲದು, ನಿನ್ನದೂ ತುಂಬಬೇಕು. ಮಂಜಿನಲ್ಲಿ ಬಯಲಿಗೆ ಮಲಗುವವನು ಕಂಬಳಿಯನ್ನು ಮರಿಗಳಿಗೆ ಹೊದಿಸಿ ನೀನು ನಡುಗಬೇಡ. ನಿನ್ನ ಬುದ್ಧಿ ನನಗೆ ಗೊತ್ತು. ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಳಿಸಿದ್ದೇನೆ. ಚೀಲ ತರುವವನ ಮೇಲೆ ನನಗೆ ನಂಬಿಕೆಯಿಲ್ಲ, ಅದಕ್ಕೇ ಈ ಕಾಗದವನ್ನು ಹಿಟ್ಟಿನೊಳಗೆ ಹುಗಿದಿದ್ದೇನೆ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ನಾನು ಫೋನು ಹಿಡಿದರೆ ಸಾಕು, ನಿಮ್ಮಪ್ಪ ರಾಮಣ್ಣ ಪಕ್ಕಕ್ಕೆ ಬಂದು ಕೂರುತ್ತಾನೆ, ನಿಮ್ಮ ದೊಡ್ಡಪ್ಪ ಸ್ಪೀಕರ್ ಹಾಕು ಎನ್ನುತ್ತಾರೆ. ಇದು ಆ ಅಣ್ಣತಮ್ಮಂದಿರ ಮುಂದೆ ಆಡುವ ಮಾತಲ್ಲ.

ನೀನು ಕುರಿ ಹೊಡೆದುಕೊಂಡು ಹೊರಡುವ ಮುಂಚೆಯೇ ದಾವಣಗೆರೆಯಲ್ಲಿ ದೊಡ್ಡಪ್ಪನ ತೊಡೆಯ ರಕ್ತನಾಳಕ್ಕೆ ನಳಿಕೆ ತೂರಿಸಿ, ಲಿವರಿನ ಕ್ಯಾನ್ಸರ್ ಗಡ್ಡೆಗೆ ಔಷಧ ಬಿಟ್ಟು, ಅದಕ್ಕೆ ಹೋಗುವ ರಕ್ತವನ್ನು ಕಟ್ಟಿದ್ದರಲ್ಲ. ಅದು ಎಷ್ಟು ಹಿಡಿದಿದೆ ಎಂದು ನೋಡಲು ಆಮೇಲೆ ಸ್ಕ್ಯಾನಿಂಗ್. ಖಾಲಿ ಹೊಟ್ಟೆಯಲ್ಲಿ ಮಲಗಿಸಿ, ತಣ್ಣನೆಯ ಲೋಳೆ ಸವರಿ, ಕೈಗೆ ಸೂಜಿ ಚುಚ್ಚಿ ಎಂಥದೋ ಗುಳ್ಳೆಗಳ ಔಷಧ ಬಿಡುತ್ತಾರೆ. ಕಣ್ಣಿಗೆ ಕಾಣದ ಆ ಗುಳ್ಳೆಗಳು ರಕ್ತದ ಜೊತೆ ಓಡುತ್ತವಂತೆ. ಗಡ್ಡೆಯೊಳಗೆ ಹೊಕ್ಕರೆ ಟಿವಿಯಲ್ಲಿ ಬೆಳ್ಳಗೆ ಹೊಳೆಯುತ್ತದೆ, ಹೊಗದಿದ್ದರೆ ಕಪ್ಪಗೇ ಉಳಿಯುತ್ತದೆ. ಡಾಕ್ಟರಮ್ಮ ಸಮತಾ ನೋಡಿ, ಗಡ್ಡೆಯ ಅಳತೆ ಮೊದಲಿನಷ್ಟೇ ಇದೆ, ಆದರೆ ಕಪ್ಪಾಗಿದೆ, ಅಂದರೆ ಸತ್ತಿದೆ, ಚಿಕಿತ್ಸೆ ಫಲ ಕೊಟ್ಟಿದೆ ಎಂದಳು. “ಅಷ್ಟೇ ಐತಿ ಅಂದ ಮ್ಯಾಲೆ ಗುಣ ಎಲ್ಲಿ ಆತು? ಸತ್ತದ್ದು ಹೊಟ್ಯಾಗ ಇದ್ರ ನಾರೂದಿಲ್ಲೇನು?” ಎಂದು ದೊಡ್ಡಪ್ಪ ದಾರಿಯುದ್ದಕ್ಕೂ ಗೊಣಗಿದರು. ನನಗೂ ಹಾಗೇ ಅನ್ನಿಸಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಕೇಳಿ ಬೆಳೆದವರು ನಾವು. ಕಪ್ಪಗಿರುವುದೇ ಒಳ್ಳೆಯದು ಅಂದರೆ ಹೇಗೆ ನಂಬುವುದು? ಸತ್ತಿದ್ದರೆ ಮತ್ತೆ ಮತ್ತೆ ಬಂದು ತೋರಿಸಿ ಎನ್ನುವುದೇಕೆ?

ಆಗ ನಿಮ್ಮಪ್ಪ ಒಂದು ಉಪಾಯ ತೆಗೆದ. ಹೊಸ ಕುರಿಗಾಹಿಯನ್ನು ಇಟ್ಟುಕೊಂಡಾಗ ನಮ್ಮ ಮನೆಯವರು ಏನು ಮಾಡುತ್ತಾರೆ? ಸಂಜೆ ಹಟ್ಟಿಗೆ ಬೇರೆಯವರ ಕುರಿಯೊಂದನ್ನು ಸದ್ದಿಲ್ಲದೆ ಸೇರಿಸುತ್ತಾರೆ. ಇದು ನಮ್ಮದಲ್ಲ ಎಂದು ಹಿಡಿದರೆ ಅವನು ಕುರಿ ಬಲ್ಲವನು, ಸುಮ್ಮನಿದ್ದರೆ ಗಂಟುಮೂಟೆ ಕಟ್ಟು. ಡಾಕ್ಟರಮ್ಮನಿಗೂ ಅದೇ ಪರೀಕ್ಷೆ ಇಡೋಣ ಎಂದ. ಇಬ್ಬರದೂ ಒಂದೇ ಮೈಕಟ್ಟು, ಒಂದೇ ಮೀಸೆ. ಮತ್ತೆ ತೋರಿಸಬೇಕಾದ ದಿನ ಕೆಮ್ಮು ಎಂದು ಮಾಸ್ಕ್ ಹಾಕಿಕೊಂಡು, ಅಣ್ಣನ ಚೀಟಿ ಹಿಡಿದು ನಿಮ್ಮಪ್ಪನೇ ಆ ಕತ್ತಲೆ ಕೋಣೆಯಲ್ಲಿ ಮಲಗಿದ. ಜೊತೆಗೆ ನಿಂತವಳು ನಾನು. ಅವಳು ತಿರುಗಿಸಿ ತಿರುಗಿಸಿ ನೋಡಿದಳು, ಹುಬ್ಬು ಗಂಟಿಕ್ಕಿದಳು. ಬಲಗಡೆಯ ಹಳೇ ಗಡ್ಡೆ ಕಾಣುತ್ತಿಲ್ಲ, ಎಡಗಡೆ ಹೊಸದೊಂದು ಚಿಕ್ಕದು ಕಾಣುತ್ತಿದೆ, ಅದರೊಳಗೆ ರಕ್ತ ಓಡುತ್ತಿದೆ, ದೊಡ್ಡ ಮಷೀನಿನಲ್ಲಿ ನೋಡಬೇಕು ಎಂದಳು. ಹೊರಗೆ ಬಂದು ನಿಮ್ಮಪ್ಪ ನಕ್ಕಿದ್ದೇ ನಕ್ಕಿದ್ದು. “ನೋಡಿದ್ಯೇನ್ ಅತ್ತಿಗಿ, ನನ್ನಂಥ ಕಲ್ಲುಗುಂಡಿನ ಹೊಟ್ಯಾಗೂ ಗಡ್ಡಿ ಹುಡುಕ್ಯಾಳ! ಎಲ್ಲಾ ಸುಳ್ಳು ಐತಿ.” ದೊಡ್ಡಪ್ಪ ಅಂದೇ ತೀರ್ಮಾನ ಮಾಡಿದರು: ಇನ್ನು ಆಸ್ಪತ್ರೆಯೂ ಬೇಡ, ಮಾತ್ರೆಯೂ ಬೇಡ.

ನನಗೆ ಮಾತ್ರ ಸಮಾಧಾನವಾಗಲಿಲ್ಲ. ನಾನು ಯಾರನ್ನೂ ನಂಬದವಳು ಎಂದು ನೀವೆಲ್ಲ ಆಡಿಕೊಳ್ಳುತ್ತೀರಲ್ಲ, ಆ ದಿನ ಈ ಅಣ್ಣತಮ್ಮಂದಿರ ನಗುವನ್ನೂ ನಂಬಲಿಲ್ಲ. ಗಂಡನ ಜೀವದ ಪ್ರಶ್ನೆ, ಮಗಾ. ಹೇಗಾದರೂ ಮತ್ತೆ ಕರೆದೊಯ್ಯಬೇಕಿತ್ತು. ಉಚ್ಚಂಗೆಮ್ಮನ ಹೆಸರಲ್ಲಿ ಬೆಳಿಗ್ಗೆ ಏನೂ ತಿನ್ನಬೇಡಿ ಎಂದೆ. ಡಾಕ್ಟರಮ್ಮನನ್ನು ನಾಲ್ಕು ಜನರ ಮುಂದೆ ನೀರಿಳಿಸಿ ಬರೋಣ ಎಂದೆ. ಜಗಳ ಅಂದರೆ ನಿಮ್ಮ ದೊಡ್ಡಪ್ಪ ಕಾಯಿಲೆ ಮರೆತು ಚಪ್ಪಲಿ ಹುಡುಕುತ್ತಾರೆ. ಅಲ್ಲಿ ಹೋಗಿ ಹೀಗೆ ಹೀಗೆ, ಅವತ್ತು ಮಲಗಿದ್ದು ನಾನಲ್ಲ ಎಂದು ಎದೆಯುಬ್ಬಿಸಿ ಹೇಳಿದರು. ಅವಳ ಮುಖ ಕೆಂಪಾಯಿತು. ಬೇರೆಯವರ ಹೆಸರಲ್ಲಿ ಸೂಜಿ ಚುಚ್ಚಿಸಿಕೊಳ್ಳುವುದು ಆಟವಾ ಎಂದು ನಮ್ಮಿಬ್ಬರಿಗೂ ಸರಿಯಾಗಿ ಬೈದಳು. ಬೈದ ಮೇಲೆ ಕೈ ಹಿಡಿದು ಅದೇ ಮಂಚದ ಮೇಲೆ ಇವರನ್ನು ಮಲಗಿಸಿದಳು, ಟಿವಿಯನ್ನು ನನ್ನ ಕಡೆ ತಿರುಗಿಸಿದಳು. ಸುತ್ತ ಲಿವರೆಲ್ಲ ಬೆಳಗಿತು, ಬಲಗಡೆಯ ಗಡ್ಡೆ ಮಾತ್ರ ಆರಿದ ಒಲೆಯ ಹಾಗೆ ಕಪ್ಪಗೇ ಇತ್ತು. ಎಷ್ಟು ಹೊತ್ತು ನೋಡಿದರೂ ಒಂದು ಗುಳ್ಳೆ ಒಳಗೆ ಹೋಗಲಿಲ್ಲ. ನಾನು ಅಲ್ಲೇ ಅತ್ತುಬಿಟ್ಟೆ. ದೊಡ್ಡಪ್ಪ ಈಗ ಮಾತ್ರೆ ನುಂಗುತ್ತಿದ್ದಾರೆ, ಅರ್ಧ ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದಾರೆ. ಅವರ ಚಿಂತೆ ಬಿಡು.

ಕಾಲು ನೀರಿನಲ್ಲಿ ನೆನೆಸಬೇಡ. ಜೊತೆಗಾರರಿಗೆಲ್ಲ ನಾನು ಕೇಳಿದೆನೆಂದು ಹೇಳು. ಉಚ್ಚಂಗೆಮ್ಮ ನಿನ್ನನ್ನೂ ಹಿಂಡನ್ನೂ ಕಾಯಲಿ.

ಇತಿ ನಿನ್ನ ದೊಡ್ಡವ್ವ,
ಜಂಬಕ್ಕ

ತಾ.ಕ.: ಚೀಲ ಒಯ್ಯುವವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ದೊಡ್ಡಪ್ಪನ ಎಡಗಡೆಯಲ್ಲಿ ಏನೂ ಇರಲಿಲ್ಲ ಕೊಟ್ರಾ. ಡಾಕ್ಟರಮ್ಮ ಎರಡೂ ಫೋಟೋ ಪಕ್ಕ ಪಕ್ಕ ಇಟ್ಟು, ಅವತ್ತು ಮಲಗಿದ್ದವರು ಯಾರು, ಅವರನ್ನು ತಕ್ಷಣ ಕರೆತನ್ನಿ ಎಂದಳು. ಚಿಕ್ಕದಿದೆ, ಕ್ಯಾನ್ಸರೇ ಆಗಿದ್ದರೂ ಈಗ ಬಂದರೆ ಗುಣಮಾಡಬಹುದಂತೆ. ಅಣ್ಣನಿಗೆ ಈ ಕಾಯಿಲೆ ತಂದ ಕಾಮಾಲೆಯ ವೈರಸ್ಸು ಹೆತ್ತ ತಾಯಿಯಿಂದ ತಮ್ಮನಿಗೂ ಬಂದಿರಬಹುದಂತೆ. ನಿನ್ನ ರಕ್ತವನ್ನೂ ಪರೀಕ್ಷೆ ಮಾಡಿಸಬೇಕಂತೆ. ನಾನು ಕಾಲು ಹಿಡಿದರೂ ನಿಮ್ಮಪ್ಪ ಒಪ್ಪುತ್ತಿಲ್ಲ. “ಚೀಟ್ಯಾಗ ಅಣ್ಣನ ಹೆಸರಿತ್ತು, ಅದಕ್ಕ ಅಣ್ಣನ ರೋಗ ಹೇಳ್ಯಾಳ” ಎನ್ನುತ್ತಾನೆ. ನಿನ್ನ ಮಾತೊಂದನ್ನೇ ಅವನು ಕೇಳುವುದು. ಹಿಂಡನ್ನು ಅಲ್ಲೇ ಯಾರಿಗಾದರೂ ಒಪ್ಪಿಸಿ ಬಂದುಬಿಡು. ಈಗಲೂ ಅವನು ಹೋಟೆಲಿನ ಮುಂದೆ ಕೂತು, ಡಾಕ್ಟರಮ್ಮನನ್ನು ಹೇಗೆ ಬೇಸ್ತು ಬೀಳಿಸಿದೆ ಎಂದು ಹೊಟ್ಟೆ ತಟ್ಟಿಕೊಂಡು ಊರವರನ್ನೆಲ್ಲ ನಗಿಸುತ್ತಿದ್ದಾನೆ.