ಆಯ್ವಾರ್ ಶೀಶೆ

ರಾದೊಯ್ಕಾ,

ನೀನು ಓದುವುದಿಲ್ಲವೆಂಬ ಧೈರ್ಯದಲ್ಲೇ ಬರೆಯುತ್ತಿದ್ದೇನೆ. ಬೆಳಿಗ್ಗೆ ತಿಂದದ್ದನ್ನು ಯಾರಿಗಾದರೂ ಹೇಳಬೇಕು.

ನಿನ್ನೆ ಲೆಸ್ಕೊವಾಟ್ಸ್ ಊರಿನ ಮಿಲುಂಕಾ ಎಂಬಾಕೆಯ ಮೆದುಳಿನ ಆಳದ ಗಡ್ಡೆ ತೆಗೆಯಲು ಸಣ್ಣ ಕೊಳವೆ ಇಳಿಸಿದ್ದೆವು. ಮಾತಿಗೆ ಪೆಟ್ಟಾದರೆ ತಕ್ಷಣ ತಿಳಿಯಲೆಂದು ಅವಳನ್ನು ಎಚ್ಚರವಾಗಿಟ್ಟಿದ್ದೆವು. ನೀನು ಮಾಡುತ್ತಿದ್ದಂತೆ ಎದುರು ಕೂತು ಅಡುಗೆಯ ಮಾತೆತ್ತಿದೆ. ಆಯ್ವಾರ್ ಚಟ್ನಿ ಮಾಡುವ ಬಗೆ ಹೇಳತೊಡಗಿದಳು:

"ಮೆಣಸಿನಕಾಯಿ ಸುಟ್ಟು ಸಿಪ್ಪೆ ತೆಗೀಬೇಕು. ಆಮೇಲೆ ಆ ನೇರಳೆ ಬಣ್ಣದ್ದು... ಅದು... ಅದು..."

ಬದನೆಕಾಯಿಯ ಹೆಸರೇ ಅವಳಿಗೆ ಸಿಗಲಿಲ್ಲ. "ನಿಲ್ಲಿಸಿ ಸಾರ್, ಮಾತು ಹೋಗ್ತಿದೆ," ಎಂದೆ.

"ಸುಸ್ತು ಕಣಯ್ಯಾ ಅವ್ಳಿಗೆ," ಎಂದರು ನಮ್ಮ ಮುಖ್ಯಸ್ಥರು. "ಅರ್ಧ ತೆಗೆದ ಗಡ್ಡೆ ಬೆಲ್‌ಗ್ರೇಡ್ ಸಮ್ಮೇಳನದಲ್ಲಿ ತೋರ್ಸಿದ್ರೆ ನಗ್ತಾರೆ." ಅವರ ಕೈ ನಿಲ್ಲಲಿಲ್ಲ.

ಇಂದು ಬೆಳಿಗ್ಗೆ ಸ್ಕ್ಯಾನ್‌ನಲ್ಲಿ ಗಡ್ಡೆಯ ಕುರುಹೂ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಿಲುಂಕಾ ಏನು ಕೇಳಿದರೂ "ಅದು" ಎನ್ನುತ್ತಾಳೆ. ಉಪಕಾರಸ್ಮರಣೆಗೆಂದು ಅವಳ ಗಂಡ, ಅವಳೇ ಮಾಡಿದ್ದ ಆಯ್ವಾರ್ ಶೀಶೆ ತಂದುಕೊಟ್ಟ. ಮುಖ್ಯಸ್ಥರು ಬ್ರೆಡ್ಡಿಗೆ ಮೆತ್ತಿಕೊಂಡು ತಿಂದು, ಬೆರಳು ಚೀಪುತ್ತಾ, "ಏನ್ ಕೈರುಚಿ ಆ ಹೆಂಗಸಿಂದು!" ಎಂದರು.

ಹೀಗೇ "ನಿಲ್ಲಿಸಿ" ಎಂದು ಅವರ ಕೈ ತಡೆದದ್ದಕ್ಕಲ್ಲವೇ ನಿನ್ನನ್ನು ಹೊರಹಾಕಿದ್ದು? ರೋಗಿಯ ಮುಖದೆದುರಿನ ನಿನ್ನ ಸ್ಟೂಲು ಮಾರನೆಯ ದಿನವೇ ನನಗೆ ಬಂತು.

ಬೆಳಿಗ್ಗೆ ಅವರು ನನ್ನ ಬ್ರೆಡ್ಡಿಗೂ ಆಯ್ವಾರ್ ಮೆತ್ತಿಕೊಟ್ಟರು. "ಚೆನ್ನಾಗಿದೆ ಸಾರ್," ಎಂದೆ.