ತೊಂಬತ್ತು ದಿನದ ಅಕ್ಕ

ಮಾರ್ಚ್ ೭, ೨೦೦೬. ಕ್ಯಾರಿ

ಗಂಜಿ, ಉಪ್ಪಿನಕಾಯಿ. ತಮ್ಮ ರತ್ನಾಕರ ಎಡಗೈಯಲ್ಲೇ ಚಮಚ ಹಿಡಿದು ಉಂಡ. ಬಲಗೈ ಇನ್ನೂ ಬೇರೆ ಯಾರದ್ದೋ ಎಂಬಂತೆ ಮಡಿಲಲ್ಲಿ ಬಿದ್ದಿರುತ್ತದೆ.

ಸ್ಪೀಚ್ ಥೆರಪಿಸ್ಟ್ ಬಂದಳು. ಒಂದು ಛತ್ರಿಯ ಚಿತ್ರ ತೋರಿಸಿದಳು. ತಮ್ಮ ಬಹಳ ಹೊತ್ತು ನೋಡಿ, "ಕೊಡೆ" ಎಂದ. ಅವಳು ಅಲ್ಲವೆಂದು ತಲೆಯಾಡಿಸಿದಳು. ಸರಿಯಾಗಿಯೇ ಹೇಳಿದ ಎಂದೆ. ಸ್ಟ್ರೋಕ್ ಅವನ ಇಂಗ್ಲಿಷನ್ನು ಒರೆಸಿಕೊಂಡು ಹೋಗಿದೆ. ಮೂವತ್ತು ವರ್ಷ ಈ ಅಮೆರಿಕದಲ್ಲಿ ಅದರಲ್ಲೇ ಬದುಕಿದವನು. ಉಳಿದದ್ದು ಕನ್ನಡ, ಅದೂ ತುಂಡು ತುಂಡಾಗಿ.

ಹೆಂಡತಿ ತೀರಿಕೊಂಡಿದ್ದಾಳೆ. ಮಗಳು ಶ್ರೀಲಕ್ಷ್ಮಿ ಇಲ್ಲೇ ಹುಟ್ಟಿದವಳು, ಕನ್ನಡ ಬಾರದು. ಗೈದರ್ಸ್‌ಬರ್ಗ್‌ನ ಲ್ಯಾಬಿನಲ್ಲಿ ಕೆಲಸ. ಶನಿವಾರ ಡ್ರೈವ್ ಮಾಡಿಕೊಂಡು ಬರುತ್ತಾಳೆ. ಅಪ್ಪನ ಎದುರು ಕೂತು ನನ್ನ ಮುಖ ನೋಡುತ್ತಾಳೆ. "ಅತ್ತೆ, ಡ್ಯಾಡ್ ಏನು ಹೇಳ್ತಾನೆ?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಾಳೆ.

ಮಾರ್ಚ್ ೨೬

ನನಗೂ ಮಾತು ಮರಳಿದ ಹಾಗಿದೆ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನರ್ಸ್ ಕೆಲಸದಿಂದ ರಿಟೈರ್ ಆದ ಮೇಲೆ ಕನ್ನಡ ಆಡಿದ್ದು ದೇವರ ಮುಂದೆ ಮಾತ್ರ. ಇಲ್ಲಿ ಅಡುಗೆಮನೆಯಿಂದ ಕೂಗುತ್ತೇನೆ, ಅವನು ಒಳಗಿನಿಂದ "ಓ" ಎನ್ನುತ್ತಾನೆ. ಒಂದೇ ಅಕ್ಷರ. ಸಾಕು.

ಏಪ್ರಿಲ್ ೧೮

ವೇದಾಳ ಆಫೀಸಿಗೆ ಹೋಗಿದ್ದೆ. ಇಮಿಗ್ರೇಷನ್ ವಕೀಲೆ, ಮೈಸೂರಿನವಳು. ಪಾಸ್‌ಪೋರ್ಟಿಗೆ ಪಿನ್ ಹೊಡೆದ ಹಸಿರು ಚೀಟಿ ನೋಡಿದಳು. ಮೇ ೨೦ರೊಳಗೆ ಹೊರಡಬೇಕೆಂದು ಮುದ್ರೆ.

"ಆಂಟಿ, ನೀವು ವೀಸಾ ತಗೊಂಡು ಬಂದಿದ್ರೆ ಎಕ್ಸ್‌ಟೆಂಡ್ ಮಾಡಿಸಬಹುದಿತ್ತು. ಬ್ರಿಟಿಷ್ ಪಾಸ್‌ಪೋರ್ಟ್ ಅಂತ ಹಾಗೇ ಬಂದಿದ್ದೀರಿ. ತೊಂಬತ್ತು ದಿನ, ಅಷ್ಟೇ."

"ಕೆನಡಾಗೆ ಹೋಗಿ ವಾಪಸ್ ಬಂದ್ರೆ?"

"ಅದೂ ಅದೇ ಲೆಕ್ಕಕ್ಕೆ ಸೇರುತ್ತೆ. ಒಂದು ದಿನ ಜಾಸ್ತಿ ಇದ್ರೂ ಮುಂದೆ ವೀಸಾ ಇಲ್ಲದೆ ಬರೋ ಹಾಗಿಲ್ಲ. ಕೇಳಿದ್ರೂ ಕೊಡೋದು ಕಷ್ಟ. ಲಂಡನ್‌ಗೆ ಹೋಗಿ, ಅಪ್ಲೈ ಮಾಡಿ. ಇಂಟರ್‌ವ್ಯೂಗೆ ಕಾಯಬೇಕಾಗುತ್ತೆ."

ವೀಸಾ ಬೇಡ ಎಂದು ಹಿಗ್ಗಿ ಬಂದಿದ್ದೆ. ಅವನೇ ನನ್ನ ಮನೆಗೆ ಬಂದರೆ ಆರು ತಿಂಗಳು ಇರಬಹುದಂತೆ. ಆದರೆ ಡಾಕ್ಟರ್ ವಿಮಾನ ಹತ್ತಲು ಬಿಡುವುದಿಲ್ಲ.

ಮೇ ೪

ಹೇಳಿದೆ. ಇನ್ನು ಮುಚ್ಚಿಡುವ ಹಾಗಿರಲಿಲ್ಲ.

"ಅಕ್ಕ... ಹೋಗ್ಬೇಡ." ಎರಡು ಮಾತು ಜೋಡಿಸುವಷ್ಟರಲ್ಲಿ ಬೆವರಿದ.

"ಈಗ ಹೋಗದಿದ್ರೆ ಮತ್ತೆ ಬರೋಕೆ ಬಿಡಲ್ಲ ಕಣೋ."

ಗೋಡೆಯ ಕಡೆ ತಿರುಗಿದ. ಸಂಜೆ ಅಡುಗೆಮನೆಯಿಂದ ಕೂಗಿದೆ. ಓ ಎನ್ನಲಿಲ್ಲ.

ಮೇ ೧೩

ಶ್ರೀಲಕ್ಷ್ಮಿ ಮೂರು ತಿಂಗಳು ರಜೆ ಹಾಕಿ ಬಂದಿದ್ದಾಳೆ. ಮಧ್ಯಾಹ್ನ ಅವನು "ಸೆಕೆ" ಎಂದ. ಅವಳು ಓಡಿಹೋಗಿ ಸಕ್ಕರೆ ಡಬ್ಬಿ ತಂದಳು. ಅವನು ನಕ್ಕ — ನಾನು ಬಂದ ಮೇಲೆ ಇದೇ ಮೊದಲು. ಅರ್ಥ ಹೇಳಲು ಬಾಯಿ ತೆರೆದೆ. ಎಡಗೈ ಎತ್ತಿ ನನ್ನನ್ನು ತಡೆದ. ಆ ಕೈಯಿಂದಲೇ ಬೀಸಿಕೊಂಡು ತೋರಿಸಿದ.

"ಓ, ಹಾಟ್. ಸೆಕೆ... ಸೆಕೆ," ಎನ್ನುತ್ತ ಫ್ಯಾನ್ ಹಾಕಿದಳು.

ಸಂತೋಷವಾಗಬೇಕಿತ್ತು. ಎದ್ದು ಬಟ್ಟೆ ಮಡಿಸಲು ಹೋದೆ.

ಮೇ ೧೯. ರಾಲಿ ಏರ್‌ಪೋರ್ಟ್

ಕೌಂಟರಿನ ಹುಡುಗಿ ಹಸಿರು ಚೀಟಿ ಕಿತ್ತುಕೊಂಡಳು. ಮನೆಯಿಂದ ಹೊರಡುವಾಗ ಅವನು ನನ್ನ ಕಡೆ ನೋಡಲಿಲ್ಲ. ಶ್ರೀಲಕ್ಷ್ಮಿ ಇಳಿಸಿ ಹೋದಳು. ಗ್ಯಾಟ್ವಿಕ್ ವಿಮಾನಕ್ಕೆ ಇನ್ನೂ ಹೊತ್ತು ಇತ್ತು. ಪೇ ಫೋನಿನಿಂದ ಮನೆಗೆ ಮಾಡಿದೆ, ಅವಳು ತಲುಪಿದಳೋ ಕೇಳೋಣವೆಂದು. ಎತ್ತಿದ್ದು ಅವನು. ಕಾಯಿಲೆ ಬಿದ್ದ ಮೇಲೆ ಅವನು ಫೋನ್ ಮುಟ್ಟಿದವನಲ್ಲ.

"ಯಾರು?"

"ನಾನೋ. ಅಕ್ಕ."

"ತಲುಪಿದ್ಯಾ?"

"ಇಲ್ಲ ಕಣೋ, ಇನ್ನೂ ಇಲ್ಲೇ ಇದ್ದೀನಿ."

ರಿಸೀವರನ್ನು ಕಿವಿಗೆ ಒತ್ತಿಕೊಂಡೆ. ಆಮೇಲೆ — "ಹಾಗಾದ್ರೆ... ಮಾತಾಡು."

ಏನು ಮಾತಾಡಲಿ? ಫ್ರಿಜ್ಜಿನಲ್ಲಿ ಸಾರಿದೆ ಎಂದೆ. ಇಲ್ಲೊಬ್ಬ ಮುದುಕ ಕೂತಲ್ಲೇ ನಿದ್ದೆ ಹೋಗಿದ್ದಾನೆ ಎಂದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಕೇಳುತ್ತಲೇ ಇದ್ದ. ಹಾಕಿದ ಚಿಲ್ಲರೆ ಮುಗಿದು ಲೈನ್ ಕಡಿಯಿತು.

ಗೇಟಿನಲ್ಲಿ ಕರೆಯುತ್ತಿದ್ದಾರೆ. ಚೀಲದ ತಳದಲ್ಲಿ ಇನ್ನೂ ಎರಡು ಕ್ವಾರ್ಟರ್ ನಾಣ್ಯ ಇವೆ. ಓಡಿಹೋಗಿ ಇನ್ನೊಂದು ಸಲ —